ಡಾ. ಎಂ.ವಿ. ಗೋಪಾಲಸ್ವಾಮಿ: ಮೈಸೂರಿನ ಮನೆಯೊಂದರಿಂದ ಆರಂಭವಾದ ಆಕಾಶವಾಣಿ

ಕನ್ನಡ ನಾಡಿನಲ್ಲಿ ಬಾನುಲಿ ಪ್ರಸಾರಕ್ಕೆ ಅಡಿಪಾಯ ಹಾಕಿದವರು ಡಾ. ಎಂ.ವಿ. ಗೋಪಾಲಸ್ವಾಮಿ (1896–1957). ವೃತ್ತಿಯಿಂದ ಇವರು ಪತ್ರಕರ್ತರಲ್ಲ, ತಂತ್ರಜ್ಞರೂ ಅಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಜನತೆಗೆ ಆಕಾಶವಾಣಿ ಎಂಬ ಹೆಸರು ಮನೆಮಾತಾಗಿದ್ದರೂ, ಆ ಹೆಸರಿನ ಕೇಂದ್ರವನ್ನು ಸ್ವಂತ ಮನೆಯಲ್ಲಿ ಸ್ಥಾಪಿಸಿದ ಈ ಮಹನೀಯರ ಪರಿಚಯ ಅಷ್ಟಾಗಿ ಇಲ್ಲ.

ಗೋಪಾಲಸ್ವಾಮಿಯವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ಉನ್ನತ ವ್ಯಾಸಂಗ ಮಾಡಿದರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವು ಆರಂಭಗೊಂಡಾಗ ಅದರ ಹೊಣೆಯನ್ನು ವಹಿಸಿಕೊಂಡರು. ಭಾರತದಲ್ಲಿ ಕಲ್ಕತ್ತೆಯ ನಂತರ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದದ್ದು ಮೈಸೂರೇ. ಪಾಶ್ಚಾತ್ಯ ದೇಶಗಳ ಮಕ್ಕಳಿಗಾಗಿ ರಚಿತವಾದ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಅವರು ಕನ್ನಡದ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದರು. ಕನ್ನಡದ ಮಗುವನ್ನು ಕನ್ನಡದಲ್ಲಿಯೇ ಪ್ರಶ್ನಿಸಬೇಕೆಂಬ ಈ ದೃಷ್ಟಿಯೇ ಮುಂದೆ ಅವರ ಪ್ರಸಾರ ಕಾರ್ಯದಲ್ಲಿಯೂ ಕಾಣಿಸಿಕೊಂಡಿತೆನ್ನಬಹುದು.

1930ರ ದಶಕದಲ್ಲಿ ರೇಡಿಯೋ ಕೇಂದ್ರವನ್ನು ನಡೆಸುವುದು ನಷ್ಟದ ಕೆಲಸವೆಂದೇ ಭಾವಿಸಲಾಗಿತ್ತು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಕೇಂದ್ರಗಳನ್ನು ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಮೂರು ವರ್ಷಗಳೊಳಗಾಗಿ ಮುಚ್ಚಿತ್ತು. ಬಂಡವಾಳವಿದ್ದ ಕಂಪನಿಯೇ ಕೈಚೆಲ್ಲಿದ ಕೆಲಸಕ್ಕೆ ಕಾಲೇಜಿನ ಅಧ್ಯಾಪಕರೊಬ್ಬರು ಕೈಹಾಕಿದರು.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ನಿವಾಸ ವಿಠ್ಠಲ ವಿಹಾರದಿಂದ ಗೋಪಾಲಸ್ವಾಮಿಯವರು ಪ್ರಸಾರವನ್ನು ಆರಂಭಿಸಿದರು. ಪ್ರೇಷಕದ ಸಾಮರ್ಥ್ಯ ಕೇವಲ 30 ವ್ಯಾಟ್. ಅಂದರೆ ಆ ಕಾಲದಲ್ಲಿ ಮನೆಯಲ್ಲಿ ಉರಿಯುತ್ತಿದ್ದ ಸಾಧಾರಣ ವಿದ್ಯುತ್ ದೀಪಕ್ಕಿಂತಲೂ ಕಡಿಮೆ. ಪ್ರಾರಂಭದ ಕಾರ್ಯಕ್ರಮದಲ್ಲಿ ಕುವೆಂಪು ಅವರು ಕಾವ್ಯವಾಚನ ಮಾಡಿದರು. ದೆಹಲಿಯ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನ್ 8ರಂದು. ಮೈಸೂರಿನ ಕೇಂದ್ರವು ಅದಕ್ಕಿಂತ ಹಲವು ತಿಂಗಳು ಹಿರಿಯದು ಎಂಬುದನ್ನು ಇಲ್ಲಿ ಗಮನಿಸಬೇಕು.

ಕೇಂದ್ರಕ್ಕೆ ಆಕಾಶವಾಣಿ ಎಂದು ನಾಮಕರಣ ಮಾಡಲಾಯಿತು. ಈ ಹೆಸರನ್ನು ಗೋಪಾಲಸ್ವಾಮಿಯವರೇ ಸೃಷ್ಟಿಸಿದರೆಂದು ಅನೇಕ ಕಡೆ ಬರೆಯಲಾಗುತ್ತದೆ. ಆದರೆ ಹೆಸರನ್ನು ಸೂಚಿಸಿದ ಶ್ರೇಯಸ್ಸನ್ನು ಸಾಮಾನ್ಯವಾಗಿ ಅವರ ಸಹೋದ್ಯೋಗಿಗಳೂ ಹಾಸ್ಯ ಸಾಹಿತಿಗಳೂ ಆದ ನಾ. ಕಸ್ತೂರಿಯವರಿಗೆ ನೀಡಲಾಗುತ್ತದೆ. ಕೇರಳದಲ್ಲಿ ಜನಿಸಿ ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಹೆಸರು ಮಾಡಿದ ಕಸ್ತೂರಿಯವರು ಕೇಂದ್ರದ ಆಡಳಿತದಲ್ಲಿಯೂ ಗೋಪಾಲಸ್ವಾಮಿಯವರಿಗೆ ನೆರವಾಗಿದ್ದರು. ಕಟ್ಟಿದವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು ಎನ್ನುವುದರಿಂದ ಇಬ್ಬರಲ್ಲಿ ಯಾರ ಹಿರಿಮೆಯೂ ಕುಂದುವುದಿಲ್ಲ.

ಹವ್ಯಾಸವಾಗಿ ಆರಂಭಗೊಂಡ ಕಾರ್ಯವು ಕೆಲಕಾಲದಲ್ಲಿಯೇ ಸಾರ್ವಜನಿಕ ಸೇವೆಯಾಗಿ ಬೆಳೆಯಿತು. 30 ವ್ಯಾಟ್‌ನ ಪ್ರೇಷಕದ ಬದಲಿಗೆ 250 ವ್ಯಾಟ್‌ನ ಪ್ರೇಷಕವನ್ನು ತರಿಸಲಾಯಿತು. ಕಾಲೇಜಿನಲ್ಲಿ ಹಗಲು ಪಾಠ, ಅದರ ಜೊತೆಗೆ ಕೇಂದ್ರದ ನಿರ್ವಹಣೆ. ಇಂತಹ ಕೇಂದ್ರಕ್ಕೆ ಪ್ರತಿದಿನವೂ ಹೊಸ ಕಾರ್ಯಕ್ರಮ ಬೇಕು. ಗಾಯಕರು, ವಿದ್ವಾಂಸರು, ಯಂತ್ರವನ್ನು ಬಲ್ಲವರು ಬೇಕು. ಒಂದು ದಿನ ತಪ್ಪಿದರೂ ಕೇಳುಗರ ವಿಶ್ವಾಸ ಕಡಿಮೆಯಾಗುತ್ತದೆ. ಸಂಬಳದ ಆದಾಯವುಳ್ಳ ವ್ಯಕ್ತಿಯೊಬ್ಬರು ಇದನ್ನು ಬಹುಕಾಲ ನಡೆಸುವುದು ಸಾಧ್ಯವಿರಲಿಲ್ಲ. ಮೈಸೂರು ನಗರಸಭೆ ಹಾಗೂ ಅರಮನೆಯ ನೆರವು ದೊರೆಯಿತಾದರೂ, ಸುಮಾರು ಆರು ವರ್ಷಗಳ ನಂತರ, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಕೇಂದ್ರವನ್ನು ವಹಿಸಿಕೊಂಡಿತು. ಕೆಲಕಾಲ ಗೋಪಾಲಸ್ವಾಮಿಯವರೇ ನಿರ್ದೇಶಕರಾಗಿ ಮುಂದುವರಿದರು; ಅನಂತರ ಆ ಹೊಣೆಯು ಕಸ್ತೂರಿಯವರಿಗೆ ಬಂದಿತು. ತಾವು ಕಟ್ಟಿದ್ದನ್ನು ತಮ್ಮ ಹೆಸರಿನಲ್ಲಿಯೇ ಉಳಿಸಿಕೊಳ್ಳಲು ಹೋಗಿದ್ದರೆ ಬಹುಶಃ ಆ ಕೇಂದ್ರವು ಉಳಿಯುತ್ತಿರಲಿಲ್ಲ.

ಆ ದಿನಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮೈಸೂರಿನ 250 ವ್ಯಾಟ್‌ನ ಧ್ವನಿ ಇಷ್ಟು ದೂರವನ್ನು ಕ್ರಮಿಸಿ ಬರುವಂತಿರಲಿಲ್ಲ. ಮುಂಬಯಿ–ಮದರಾಸು ರೈಲು ಮಾರ್ಗದಿಂದ ಹೈದರಾಬಾದಿನ ದಾರಿಯು ಕವಲೊಡೆಯುವುದು ವಾಡಿಯಲ್ಲಿ; ರೈಲಿನಂತೆಯೇ ರೇಡಿಯೋ ಕೂಡ ಇಲ್ಲಿನವರಿಗೆ ಹೈದರಾಬಾದಿನ ಕಡೆಯಿಂದಲೇ ಬರಬೇಕಾಗಿತ್ತು. ಅಲ್ಲಿನ ಡೆಕ್ಕನ್ ರೇಡಿಯೋದಲ್ಲಿ ಆಡಳಿತ ಭಾಷೆಯಾದ ಉರ್ದುವಿಗೆ ಪ್ರಾಧಾನ್ಯ. ತೆಲುಗು, ಮರಾಠಿಗಳ ಜೊತೆ ಕನ್ನಡಕ್ಕೂ ಸ್ವಲ್ಪ ಅವಕಾಶವಿತ್ತು. ಒಂದೇ ಭಾಷೆಯನ್ನಾಡುವ ಜನರು ಎರಡು ಸಂಸ್ಥಾನಗಳಲ್ಲಿ ಎರಡು ಬೇರೆ ಬೇರೆ ಧ್ವನಿಗಳನ್ನು ಕೇಳುತ್ತಿದ್ದರು.

1947ರಲ್ಲಿ ಭಾರತವು ಸ್ವತಂತ್ರವಾದಾಗ ಆಲ್ ಇಂಡಿಯಾ ರೇಡಿಯೋದ ಆರು ಕೇಂದ್ರಗಳಲ್ಲಿ ಒಂದೂ ಕನ್ನಡ ಪ್ರದೇಶದಲ್ಲಿರಲಿಲ್ಲ. 1950ರ ಜನವರಿ 8ರಂದು ಧಾರವಾಡ ಕೇಂದ್ರವು ಆರಂಭವಾಯಿತು. ಅದೇ ವರ್ಷ ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಕೇಂದ್ರಗಳು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನಗೊಂಡವು. ಬಳಿಕ ಮೈಸೂರಿನ ಪ್ರಸಾರವನ್ನು ಬೆಂಗಳೂರಿಗೆ ವರ್ಗಾಯಿಸಲಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರವು ಕಾರ್ಯಾರಂಭ ಮಾಡಿತು. ವಿಠ್ಠಲ ವಿಹಾರದಲ್ಲಿ ಹುಟ್ಟಿದ ಕೇಂದ್ರವು ಅದರ ಸಂಸ್ಥಾಪಕರು ಜೀವಿಸಿದ್ದಾಗಲೇ ಅವರ ಊರನ್ನು ಬಿಟ್ಟಿತು. ಮೈಸೂರಿಗೆ ಸ್ವತಂತ್ರ ಕೇಂದ್ರವು ಮರಳಿ ದೊರೆತದ್ದು ಅವರು ತೀರಿಕೊಂಡು ಹಲವು ವರ್ಷಗಳಾದ ಮೇಲೆ.

1957ರಲ್ಲಿ ಗೋಪಾಲಸ್ವಾಮಿಯವರು ನಿಧನರಾದರು. ಮೈಸೂರಿನ ಕೇಂದ್ರದ ಹೆಸರನ್ನು ರಾಷ್ಟ್ರದ ಪ್ರಸಾರ ಸಂಸ್ಥೆಯು ತನ್ನ ಅಧಿಕೃತ ಹೆಸರಾಗಿ ಸ್ವೀಕರಿಸಿದ್ದೂ 1957ರಲ್ಲಿಯೇ.

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರ್ಪಡೆಯಾಗಿತ್ತು. 1966ರಲ್ಲಿ ಗುಲಬರ್ಗಾದಲ್ಲಿ ಆಕಾಶವಾಣಿ ಕೇಂದ್ರವು ಪ್ರಾರಂಭವಾದ ಮೇಲೆ ಶಹಾಬಾದಿನ ಕಲ್ಲುಗಣಿಗಳ ಕಾರ್ಮಿಕರಿಗೂ ಚಿಂಚೋಳಿಯ ರೈತರಿಗೂ ಜಿಲ್ಲಾ ಕೇಂದ್ರದಿಂದಲೇ ಕನ್ನಡದ ಧ್ವನಿ ತಲುಪತೊಡಗಿತು. ಆಗ ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಯಲ್ಲಿ ಶುಲ್ಕ ಪಾವತಿಸಿ ಪರವಾನಗಿ ಪಡೆಯಬೇಕಾಗಿತ್ತು, ಪ್ರತಿವರ್ಷವೂ ಅದನ್ನು ನವೀಕರಿಸಬೇಕಾಗಿತ್ತು. ಹಿರಿಯರ ಪೆಟ್ಟಿಗೆಗಳಲ್ಲಿ ಈಗಲೂ ಅಂತಹ ಪರವಾನಗಿ ಪುಸ್ತಕಗಳು ಸಿಗುವುದುಂಟು. 1980ರ ದಶಕದಲ್ಲಿ ಈ ಪದ್ಧತಿಯನ್ನು ರದ್ದುಪಡಿಸಲಾಯಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನವನ್ನು ತಲುಪಿಸಿದ ಸೈಟ್ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಬಿಜಾಪುರ, ರಾಯಚೂರು ಉಳಿದ ಎರಡು.

ರೇಡಿಯೋ ಸಂಸ್ಥೆಯ ಕನ್ನಡ ಮೂಲದ ಈ ಹೆಸರು ಬಹುಕಾಲ ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರಿನ ಜೊತೆಯಲ್ಲಿಯೇ ಬಳಕೆಯಲ್ಲಿತ್ತು. 2023ರ ಮೇ ತಿಂಗಳಿನಲ್ಲಿ ಪ್ರಸಾರ ಭಾರತಿಯು ಆಕಾಶವಾಣಿ ಎಂಬ ಹೆಸರೊಂದನ್ನೇ ಬಳಸುವಂತೆ ಸೂಚಿಸಿತು.