ಚುಕ್ಕೆ-ಗೆರೆಯ ಮೋರ್ಸ್

ಹಿಂದೆ ತಂತಿ ಬಂತು ಅಂದ್ರೆ ಮನೆಯವರೆಲ್ಲ ಹೆದರ್ತಿದ್ರಂತೆ. ಒಡೆದು ಓದೋಕೆ ಮುಂಚೆಯೇ ಅಳು ಶುರು ಅಂತ ನಮ್ಮಜ್ಜಿ ಹೇಳ್ತಾರೆ. ಆ ತಂತಿಯ ಚುಕ್ಕೆ-ಗೆರೆ ಲಿಪಿಗೆ ಯಾರ ಹೆಸರಿದೆಯೋ ಆ ಸ್ಯಾಮ್ಯುಯೆಲ್ ಮೋರ್ಸ್ ಮೊದಲಿಗೆ ವಿಜ್ಞಾನಿಯೇ ಅಲ್ಲ, ಚಿತ್ರಕಾರ!

1791ರ ಏಪ್ರಿಲ್ 27ರಂದು ಅಮೆರಿಕದ ಚಾರ್ಲ್ಸ್‌ಟೌನಿನಲ್ಲಿ ಜನನ. ತಂದೆ ಪಾದ್ರಿ, ಭೂಗೋಳದ ಪುಸ್ತಕ ಬರೆದವರು. ಮೋರ್ಸ್ ಯೇಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಚಿತ್ರಕಲೆ ಕಲಿತರು. 1825ರಲ್ಲಿ ವಾಷಿಂಗ್ಟನ್ನಿನಲ್ಲಿ ಲಫಾಯೆತ್ ಎಂಬ ಹೆಸರಾಂತ ಸೇನಾನಿಯ ಚಿತ್ರ ಬರೀತಿದ್ದರು. ಅದೇ ಹೊತ್ತಿಗೆ ನ್ಯೂಹೇವನ್ನಿನಲ್ಲಿ ಹೆಂಡತಿ ಲುಕ್ರೀಷಿಯಾ ತೀರಿಕೊಂಡರು. ಕಾಗದ ಕುದುರೆ ಗಾಡಿಯಲ್ಲಿ ಬರಬೇಕಲ್ಲ. ಅದು ಕೈಸೇರಿ, ಇವರು ಓಡೋಡಿ ಹೋಗುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಮುಖ ನೋಡೋಕೂ ಸಿಗಲಿಲ್ಲ. ಈ ದುಃಖದಿಂದಲೇ ತಂತಿ ಕಂಡುಹಿಡಿದರು ಅಂತ ಹಲವರು ಹೇಳ್ತಾರೆ. ಆದ್ರೆ ಆ ಯೋಚನೆ ಹೊಳೆದದ್ದು ಏಳು ವರ್ಷದ ಮೇಲೆ, 1832ರಲ್ಲಿ, ಯುರೋಪಿನಿಂದ ಹಡಗಿನಲ್ಲಿ ಬರುವಾಗ ವಿದ್ಯುತ್ಕಾಂತದ ಮಾತು ಕೇಳಿ.

ಒಬ್ಬರಿಂದಲೇ ಆದ ಕೆಲಸವಲ್ಲ ಅದು. ಗೇಲ್ ಎಂಬ ಪ್ರೊಫೆಸರು ವಿದ್ಯುತ್ತಿನ ವಿಷಯ ತಿಳಿಸಿಕೊಟ್ಟರು. ಆಲ್ಫ್ರೆಡ್ ವೇಲ್ ಎಂಬ ಯುವಕ ಯಂತ್ರ ಸುಧಾರಿಸಿದ. ಪಾಪ, ವೇಲ್ ಹೆಸರನ್ನು ಯಾರೂ ಹೇಳೋದೇ ಇಲ್ಲ. 1843ರಲ್ಲಿ ಸರ್ಕಾರ 30,000 ಡಾಲರ್ ಕೊಟ್ಟಿತು. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸುದ್ದಿ ಕ್ಷಣದಲ್ಲಿ ಹೋಯಿತು. ಗುಲಾಮಗಿರಿ ಸರಿ ಅಂತ ವಾದಿಸಿದ್ದೂ ಇದೇ ಮೋರ್ಸ್, ಅದನ್ನು ಮುಚ್ಚಿಡಬಾರದು. 1872ರ ಏಪ್ರಿಲ್ 2ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಅವರ ಲಿಪಿಯ ಬಗ್ಗೆ ಹ್ಯಾಮ್ ರೇಡಿಯೋದವರಲ್ಲಿ ಒಂದು ಜಗಳ ಇದೆ: ಇದು ಡಿಜಿಟಲ್ಲೋ ಅಲ್ಲವೋ? ಕೀ ಒತ್ತಿದರೆ 1, ಬಿಟ್ಟರೆ 0. ಗೆರೆ ಅಂದ್ರೆ ಮೂರು ಚುಕ್ಕೆಯಷ್ಟು ಹೊತ್ತು. ಅಕ್ಷರದಿಂದ ಅಕ್ಷರಕ್ಕೆ ಮೂರು ಚುಕ್ಕೆಯಷ್ಟು ಬಿಡುವು, ಪದದಿಂದ ಪದಕ್ಕೆ ಏಳು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ 'ಇ' ಅಕ್ಷರಕ್ಕೆ ಒಂದೇ ಚುಕ್ಕೆ, ಎಂಥ ಉಳಿತಾಯ ನೋಡಿ! ಲೆಕ್ಕದ ಪ್ರಕಾರ ಡಿಜಿಟಲ್ಲೇ. ಆದರೆ ಹ್ಯಾಮ್‌ಗಳ ಪ್ರಶಸ್ತಿಗಳಲ್ಲಿ ಮಾತು, ಮೋರ್ಸ್, ಡಿಜಿಟಲ್ ಅಂತ ಬೇರೆ ಬೇರೆ ಮಾಡಿರ್ತಾರೆ. ಅವರ ಬಾಯಲ್ಲಿ ಡಿಜಿಟಲ್ ಅಂದ್ರೆ ಯಂತ್ರ ಓದುವಂಥದ್ದು. ಮೋರ್ಸನ್ನು ಮನುಷ್ಯನೇ ಕಿವಿಯಿಂದ ಕೇಳಿ ಬರೆದುಕೊಳ್ಳಬಹುದು. ನನಗೆ ಕೇಳಿದ್ರೆ ಎರಡೂ ಸರಿ: ಲಿಪಿ ಡಿಜಿಟಲ್, ಕೇಳೋ ಕಿವಿ ಅಲ್ಲ.

ನಮ್ಮ ದೇಶದಲ್ಲಿ 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಹ್ಯಾಮ್‌ಗಳು ಮಾತ್ರ ಇನ್ನೂ ಕುಟ್ಟುತ್ತಲೇ ಇದ್ದಾರೆ.