ಪಟಾಚಾರೆ ಕಾಲು ತೊಳೆದ ನೀರು

 

ಇಂದಿನ ಚಿಂತನೆಗೆ ಥೇರಿ ಪಟಾಚಾರೆಯ ಬದುಕನ್ನು ಆರಿಸಿಕೊಂಡಿದ್ದೇನೆ. ನಾನು ಕೆಲಸ ಮಾಡುವುದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಒಂದು ಗಳಿಗೆಯಲ್ಲಿ ಬದುಕು ತಲೆಕೆಳಗಾದವರನ್ನು ದಿನಾ ನೋಡುತ್ತೇನೆ. ಅವರಿಗೆ ಒಂದು ತಾಸು ಕಣ್ಣುಮುಚ್ಚಿ ಧ್ಯಾನ ಮಾಡಿ ಎಂದರೆ ಆಗುವ ಮಾತಲ್ಲ. ಪಟಾಚಾರೆಗೆ ದಾರಿ ತೋರಿಸಿದ್ದು ಬಹಳ ಸಣ್ಣ ಸಂಗತಿ. ಅದಕ್ಕೇ ಅವಳು ನೆನಪಾಗುತ್ತಾಳೆ.

ಥೇರೀಗಾಥೆಯಲ್ಲಿ ಅವಳ ಹೆಸರಿನಲ್ಲಿರುವುದು ಐದೇ ಪದ್ಯ. ಉಳಿದ ಕಥೆ ಬರುವುದು ಆಮೇಲಿನ ಅಟ್ಠಕಥೆಗಳಲ್ಲಿ. ಅವಳು ಶ್ರಾವಸ್ತಿಯ ಸಿರಿವಂತ ಶ್ರೇಷ್ಠಿಯ ಮಗಳು. ಮನೆಯ ಆಳನ್ನು ಮೆಚ್ಚಿ, ಅವನೊಂದಿಗೆ ದೂರದ ಹಳ್ಳಿಗೆ ಓಡಿಹೋದಳು. ಅಂತಸ್ತು ಮೀರಿದ ಮದುವೆ ಎಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಡನೇ ಬಸುರಿಯಲ್ಲಿ ತವರಿಗೆ ಹೊರಟಾಗ ದಾರಿಯಲ್ಲೇ ಬಿರುಮಳೆ, ಹೆರಿಗೆ ನೋವು. ಮರೆ ಕಟ್ಟಲು ಸೊಪ್ಪು ಕಡಿಯಲು ಹೋದ ಗಂಡ ಹಾವು ಕಚ್ಚಿ ಸತ್ತ. ಬೆಳಗ್ಗೆ ತುಂಬಿದ ಹೊಳೆ ಎದುರಾಯಿತು. ದೊಡ್ಡ ಮಗುವನ್ನು ಈ ದಡದಲ್ಲಿ ಬಿಟ್ಟು, ಹಸುಗೂಸನ್ನು ಆ ದಡದಲ್ಲಿ ಮಲಗಿಸಿ ಹಿಂದಿರುಗುವಾಗ ಗಿಡುಗ ಕೂಸಿನ ಮೇಲೆರಗಿತು. ಅದನ್ನು ಓಡಿಸಲು ನಡುನೀರಿನಲ್ಲಿ ಕೈಯೆತ್ತಿ ಕೂಗಿದಳು. ಅಮ್ಮ ತನ್ನನ್ನೇ ಕರೆಯುತ್ತಿದ್ದಾಳೆ ಎಂದುಕೊಂಡು ದೊಡ್ಡ ಮಗು ಹೊಳೆಗಿಳಿದು ಕೊಚ್ಚಿಹೋಯಿತು. ಊರು ಮುಟ್ಟುವ ಮುಂಚೆಯೇ ಮತ್ತೊಂದು ಸುದ್ದಿ ಬಂತು: ರಾತ್ರಿಯ ಗಾಳಿಮಳೆಗೆ ಮನೆ ಬಿದ್ದು ತಂದೆ, ತಾಯಿ, ಅಣ್ಣ ಒಂದೇ ಚಿತೆಯಲ್ಲಿ ಉರಿಯುತ್ತಿದ್ದಾರೆ.

ಅವಳ ಬುದ್ಧಿ ಕೆಟ್ಟಿತು. ಮೈಮೇಲೆ ಬಟ್ಟೆಯಿಲ್ಲದೆ ಅಲೆದಳು. ಜನ ಕಸ, ಮಣ್ಣು ಎಸೆದರು.

ಅಟ್ಠಕಥೆಗಳು ಅವಳ ಪೂರ್ವಜನ್ಮಗಳನ್ನೂ ಹೇಳುತ್ತವೆ. ಅದನ್ನು ನಾನು ಬಿಡುತ್ತೇನೆ. ಇಂದಿನ ದುಃಖಕ್ಕೆ ಹಿಂದಿನ ಜನ್ಮದ ಕರ್ಮವನ್ನು ಕಾರಣ ಮಾಡುವುದು ಬುದ್ಧನ ಬೋಧೆಯೆಂದು ಬಾಬಾಸಾಹೇಬರು ಒಪ್ಪಲಿಲ್ಲ. ಮಗು ಕಳೆದುಕೊಂಡ ತಾಯಿಗೆ ನಿನ್ನ ಕರ್ಮ ಎನ್ನುವವರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ.

ಜೇತವನದಲ್ಲಿ ನಡೆದದ್ದರ ಕ್ರಮ ಗಮನಿಸಿ. ಹುಚ್ಚಿಯನ್ನು ಒಳಗೆ ಬಿಡಬೇಡಿ ಎಂದವರನ್ನು ಬುದ್ಧ ತಡೆದರು. ತಂಗಿ ಎಂದು ಕರೆದು, ಎಚ್ಚರ ತಂದುಕೊಳ್ಳುವಂತೆ ಹೇಳಿದರು. ಯಾರೋ ಒಬ್ಬ ತನ್ನ ಮೇಲುಹೊದಿಕೆ ಕೊಟ್ಟ. ಅವಳು ತನ್ನ ಕಥೆ ಹೇಳಿಕೊಂಡಳು. ಧಮ್ಮದ ಮಾತು ಬಂದದ್ದು ಅದಾದ ಮೇಲೆ.

ಭಿಕ್ಖುಣಿಯಾದ ಮೇಲೆ ಒಂದು ದಿನ ಕಾಲು ತೊಳೆಯುವಾಗ, ಸುರಿದ ನೀರು ಇಳಿಜಾರಿಗೆ ಹರಿಯುವುದನ್ನು ಕಂಡಳು. ಮೊದಲ ಸಲ ಸ್ವಲ್ಪ ದೂರ ಹೋಗಿ ಇಂಗಿತು, ಎರಡನೆಯ ಸಲ ಇನ್ನಷ್ಟು ದೂರ, ಮೂರನೆಯ ಸಲ ಅದಕ್ಕಿಂತ ದೂರ. ಆಯುಸ್ಸೂ ಹೀಗೇ, ಕೆಲವರದು ಬೇಗ ಇಂಗುತ್ತದೆ ಎಂದು ಅವಳಿಗೆ ಹೊಳೆಯಿತು. ಮನಸ್ಸು ನಿಂತಿತು.

ನೀವೂ ಮಾಡಿ ನೋಡಿ. ಎದೆ ಹೊಡೆದುಕೊಳ್ಳುವಾಗ, ಕೈ ನಡುಗುವಾಗ ಬಚ್ಚಲಿಗೆ ಹೋಗಿ ಮೂರು ಚೊಂಬು ನೀರನ್ನು ನಿಧಾನವಾಗಿ ಪಾದದ ಮೇಲೆ ಸುರಿದುಕೊಳ್ಳಿ. ತಂಪು ಎಲ್ಲಿ ತಾಕಿತು, ನೀರು ಎಲ್ಲಿಗೆ ಹೋಯಿತು, ಅಷ್ಟನ್ನೇ ನೋಡಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ತುಸು ಉದ್ದವಾಗಲಿ. ಎರಡು ನಿಮಿಷ ಸಾಕು. ಬಸ್ಸಿನಲ್ಲೋ ಆಫೀಸಿನಲ್ಲೋ ಇದ್ದರೆ ಅಂಗಾಲು ನೆಲಕ್ಕೆ ಒತ್ತುವುದನ್ನು ಗಮನಿಸಿದರೂ ಆದೀತು.

ಇನ್ನು ಕೃತಜ್ಞತೆ. ಪಾಲಿಯ ಕತಞ್ಞುತಾ ಎಂದರೆ ಮಾಡಿದ್ದನ್ನು ಅರಿಯುವುದು. ತುಳಿದವರಿಗೂ ಋಣಿಯಾಗಿರು ಎಂಬ ಅರ್ಥ ಅದಕ್ಕಿಲ್ಲ. ಧಣಿಗೆ ಕೈಮುಗಿಯುವ ಅಭ್ಯಾಸವನ್ನು ನಾವು ಬಿಟ್ಟು ಬಂದವರು. ಹೊದಿಕೆ ಕೊಟ್ಟವನನ್ನು ನೆನೆಯುವುದಷ್ಟೇ. ರಾತ್ರಿ ಮಲಗುವ ಮುನ್ನ ಒಬ್ಬರ ಹೆಸರು, ಅವರು ಮಾಡಿದ ಒಂದು ಕೆಲಸ ಬರೆಯಿರಿ. ನಿರ್ದಿಷ್ಟವಾಗಿರಲಿ: ಔಷಧಿ ಅಂಗಡಿಯವರೆಗೆ ಜೊತೆಗೆ ಬಂದರು, ಮಕ್ಕಳಿಗೆ ಊಟ ಹಾಕಿದರು. ಬಾಬಾಸಾಹೇಬರು 1940ರಲ್ಲಿ ಪಾಕಿಸ್ತಾನದ ಕುರಿತ ಗ್ರಂಥವನ್ನು ಅಗಲಿದ ರಮಾಬಾಯಿಯವರಿಗೆ ಅರ್ಪಿಸಿದಾಗ, ಬಡತನದ ದಿನಗಳಲ್ಲಿ ಅವರು ಜೊತೆಯಾಗಿ ಸಹಿಸಿದ್ದನ್ನು ಹೆಸರಿಟ್ಟೇ ನೆನೆದರು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸಾಯಬೇಕೆನಿಸಿದರೆ ನೀರು, ಉಸಿರು ಮಾತ್ರ ನೆಚ್ಚಿಕೊಂಡು ಕೂರಬೇಡಿ. ಡಾಕ್ಟರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಚಂದಾ ಎಂಬವಳು ಗಂಡ, ಮಕ್ಕಳು, ನೆಂಟರು ಯಾರೂ ಇಲ್ಲದೆ ಏಳು ವರ್ಷ ಕೋಲು, ಮಡಕೆ ಹಿಡಿದು ಮನೆಮನೆ ಬೇಡಿದವಳು. ಅವಳ ಗಾಥೆಯೂ ಥೇರೀಗಾಥೆಯಲ್ಲಿದೆ. ಕರುಣೆಯಿಂದ ತನ್ನನ್ನು ಸಂಘಕ್ಕೆ ಸೇರಿಸಿಕೊಂಡು ದಾರಿ ಹೇಳಿಕೊಟ್ಟವಳ ಹೆಸರನ್ನು ಅದರಲ್ಲಿ ಹೇಳುತ್ತಾಳೆ: ಪಟಾಚಾರೆ.

ಜೈ ಭೀಮ್ 🙏