ಬೆಂಗಳೂರಿನ ಪೀಪಾಯಿಯಿಂದ ಸೂಯೆಜ್ ದಂಡೆಯವರೆಗೆ: ರೊನಾಲ್ಡ್ ರಾಸ್ ಸಾರಿದ ಸಮರ

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ಸೇನಾ ವೈದ್ಯರಾಗಿ ಬಂದ ತರುಣ ರೊನಾಲ್ಡ್ ರಾಸ್ ಅವರಿಗೆ ಊರು ಹಿಡಿಸಿತು, ಬಂಗಲೆಯೂ ಹಿಡಿಸಿತು. ಹಿಡಿಸದೇ ಇದ್ದದ್ದು ಸೊಳ್ಳೆ ಮಾತ್ರ. ತಮ್ಮ ಕೋಣೆಯಲ್ಲೇ ಅವುಗಳ ಕಾಟ ಇಷ್ಟೇಕೆ ಎಂದು ಹುಡುಕುತ್ತ ಹೋದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ತುಂಬಿರುವುದು ಕಂಡಿತು. ಪೀಪಾಯಿಯನ್ನು ಮಗುಚಿದರು, ಕಾಟ ಇಳಿಯಿತು. ಉತ್ಸಾಹದಿಂದ ಪಡೆಯ ಅಡ್ಜುಟೆಂಟ್ ಬಳಿ ಹೋಗಿ, ಅಧಿಕಾರಿಗಳ ಭೋಜನಶಾಲೆಯ ಸುತ್ತಲಿನ ತೊಟ್ಟಿಗಳ ನೀರನ್ನೂ ಚೆಲ್ಲಿಸಬೇಕೆಂದು ಕೇಳಿಕೊಂಡರು. ಸೃಷ್ಟಿಯ ಕ್ರಮವನ್ನು ಕೆಡಿಸುವುದು ಸರಿಯಲ್ಲವೆಂದು ಆ ಅಧಿಕಾರಿ ಒಪ್ಪಲಿಲ್ಲ.

ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆಯೆಂದು ಆಗ ರಾಸ್ ಅವರೂ ಅರಿತಿರಲಿಲ್ಲ. ಆದರೆ ಮುಂದಿನ ಐವತ್ತು ವರ್ಷಗಳ ಅವರ ಬದುಕು ಒಂದು ಬಗೆಯಲ್ಲಿ ಆ ಅಡ್ಜುಟೆಂಟನಂಥವರೊಡನೆ ನಡೆಸಿದ ವಾಗ್ವಾದವೇ ಆಯಿತು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗಷ್ಟೇ ಮೂರು ದಿನವಾಗಿತ್ತು. ತಂದೆ ಸೇನಾಧಿಕಾರಿ. ಎಂಟರ ವಯಸ್ಸಿನಲ್ಲಿ ಬಾಲಕನನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಕಾವ್ಯ, ಚಿತ್ರಕಲೆಗಳತ್ತ ಒಲಿದಿದ್ದ ಮಗನನ್ನು ತಂದೆ ವೈದ್ಯಕೀಯಕ್ಕೆ ಸೇರಿಸಿದರು. ಲಂಡನ್ನಿನ ಸೇಂಟ್ ಬಾರ್ತಲೋಮಿಯೊ ಆಸ್ಪತ್ರೆಯಲ್ಲಿ ಓದಿದ ರಾಸ್ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದರು. ಮೊದಲ ಹತ್ತು ವರ್ಷ ವೈದ್ಯಕ್ಕಿಂತ ಕವಿತೆ, ಕಾದಂಬರಿ, ಗಣಿತಗಳಲ್ಲೇ ಅವರ ಮನಸ್ಸು ನೆಟ್ಟಿತ್ತು.

ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಜೌಗುನೆಲದ ಹಬೆಯಿಂದ ಚಳಿಜ್ವರ ಬರುತ್ತದೆಂಬುದು ಶತಮಾನಗಳ ನಂಬಿಕೆ. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ವೈದ್ಯ ಲಾವೆರಾನ್ ರೋಗಿಗಳ ರಕ್ತದಲ್ಲಿ ಪರಾವಲಂಬಿ ಜೀವಿಯನ್ನು ಕಂಡರು. ಅದು ಒಬ್ಬರಿಂದ ಮತ್ತೊಬ್ಬರಿಗೆ ದಾಟುವ ಬಗೆ ತಿಳಿದಿರಲಿಲ್ಲ. ಚೀನಾದಲ್ಲಿ ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ತೋರಿಸಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಇಲ್ಲಿಯೂ ಸೊಳ್ಳೆಯ ಮೇಲೇ ಗುಮಾನಿ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸ್ ಅವರಿಗೆ ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿ, ತಮ್ಮ ಊಹೆಯನ್ನೂ ಒಪ್ಪಿಸಿದರು. ಮರುವರ್ಷ ಭಾರತಕ್ಕೆ ಮರಳಿದ ರಾಸ್ ಬೇರೆಯೇ ಮನುಷ್ಯರಾಗಿದ್ದರು.

1895ರ ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿತು, ಈ ಬಾರಿ ಕಾಲರಾ ತಡೆಗಟ್ಟಲು. ಸಂಶೋಧನೆಗೆ ಅಡ್ಡಿಯಾಯಿತೆಂದು ರಾಸ್ ನೊಂದುಕೊಂಡರಾದರೂ, ಬಾವಿ, ಮೋರಿ, ಕಸದ ರಾಶಿಗಳ ನಡುವೆ ಇಲ್ಲಿ ಅವರು ಕಲಿತದ್ದು ಮುಂದೆ ಸೂಕ್ಷ್ಮದರ್ಶಕದಷ್ಟೇ ಉಪಯೋಗಕ್ಕೆ ಬಂತು. 1897ರಲ್ಲಿ ಊಟಿಯ ಸಮೀಪದ ಸೀಗೂರು ಘಾಟಿಯಲ್ಲಿ ಹುಡುಕಾಟ ನಡೆಸುವಾಗ ಅವರಿಗೇ ಮಲೇರಿಯಾ ತಗುಲಿತು.

ಆ ವರ್ಷದ ಆಗಸ್ಟ್‌ನಲ್ಲಿ ಸಿಕಂದರಾಬಾದಿನ ಸೆಕೆಯಲ್ಲಿ ಕುಳಿತ ರಾಸ್ ದಿನವಿಡೀ ಸೊಳ್ಳೆಗಳನ್ನು ಸೀಳುತ್ತಿದ್ದರು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಮಸೂರ ಬಿರುಕು ಬಿಟ್ಟಿತ್ತು. ಪಂಕ ಬೀಸಿಸಿಕೊಳ್ಳುವಂತೆಯೂ ಇರಲಿಲ್ಲ. ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತಿತ್ತು. ಹುಸೇನ್ ಖಾನ್ ಎಂಬ ರೋಗಿ ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಮೈಯೊಡ್ಡಿದ್ದರು. ಅಲ್ಲಿಯವರೆಗೆ ಪರೀಕ್ಷಿಸಿದ್ದ ಸಾಮಾನ್ಯ ಸೊಳ್ಳೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಈ ಸಲ ಚುಕ್ಕೆ ರೆಕ್ಕೆಯ ಬೇರೊಂದು ಜಾತಿ, ಅಂದರೆ ಅನಾಫಿಲಿಸ್, ಕೈಗೆ ಬಂದಿತ್ತು. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿ ಬೆಳೆದಿದ್ದವು. ಅಲ್ಲಿಗೆ ಮ್ಯಾನ್ಸನ್ನರ ಗುಮಾನಿಗೆ ಸಾಕ್ಷ್ಯ ದೊರೆಯಿತು.

ಬೆನ್ನಿಗೇ ಬಂದದ್ದು ರಜಪುತಾನದ ಖೇರ್ವಾರಕ್ಕೆ ವರ್ಗಾವಣೆಯ ಆದೇಶ! ಉಳಿದ ಕೆಲಸ ಪೂರ್ಣವಾದದ್ದು 1898ರಲ್ಲಿ ಕಲ್ಕತ್ತದಲ್ಲಿ, ಅದೂ ಮನುಷ್ಯರ ಮೇಲಲ್ಲ, ಗುಬ್ಬಿಗಳ ಮೇಲೆ. ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು, ಕಡಿತದ ಮೂಲಕ ಆರೋಗ್ಯವಂತ ಹಕ್ಕಿಯನ್ನು ಸೇರುವುದನ್ನು ರಾಸ್ ತೋರಿಸಿಕೊಟ್ಟರು. ಸಹಾಯಕರಾಗಿದ್ದ ಮಹಮ್ಮದ್ ಬಕ್ಸ್ ಮತ್ತು ಕಿಶೋರಿ ಮೋಹನ ಬಂದ್ಯೋಪಾಧ್ಯಾಯರನ್ನು ಚರಿತ್ರೆ ಬಹುಕಾಲ ಅಡಿಟಿಪ್ಪಣಿಯಲ್ಲೇ ಇಟ್ಟಿತು. ಮನುಷ್ಯರ ಮಲೇರಿಯಾದ ಪೂರ್ಣ ಚಕ್ರವನ್ನು ಅದೇ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಸಂಗಡಿಗರು ವಿವರಿಸಿದರು. ಶ್ರೇಯಸ್ಸಿಗಾಗಿ ಈ ಇಬ್ಬರ ನಡುವೆ ಹತ್ತಿದ ಕಲಹ ಇಬ್ಬರಿಗೂ ಶೋಭೆ ತರುವಂಥದಲ್ಲ. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಸಂದಿತು.

ಸಾಮಾನ್ಯವಾಗಿ ಅವರ ಕಥೆ ಇಲ್ಲಿಗೆ ಮುಗಿಯುತ್ತದೆ. ರಾಸ್ ದೃಷ್ಟಿಯಲ್ಲಿ ಮುಖ್ಯವಾದದ್ದು ಶುರುವಾದದ್ದೇ ಇಲ್ಲಿಂದ. ಜ್ವರ ಗಾಳಿಯಿಂದ ಬರುವುದಿಲ್ಲ, ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಬರುತ್ತದೆ ಎಂದಾದ ಮೇಲೆ, ಆ ನೀರನ್ನು ಇಲ್ಲವಾಗಿಸುವುದು ಸರ್ಕಾರದ ಕರ್ತವ್ಯವೆಂಬುದು ಅವರ ವಾದ. 1899ರಲ್ಲಿ ಭಾರತ ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆ ಸೇರಿದ ಅವರು ಅದೇ ವರ್ಷ ಪಶ್ಚಿಮ ಆಫ್ರಿಕದ ಫ್ರೀಟೌನ್‌ಗೆ ತೆರಳಿದರು. 1901ರಲ್ಲಿ ಗ್ಲಾಸ್ಗೋದ ದಾನಿಯೊಬ್ಬರ ಹಣದಿಂದ ಅಲ್ಲಿ ಸೊಳ್ಳೆ ಪಡೆಗಳು ಸಿದ್ಧವಾದವು. ಒಂದು ತಂಡ ಬೀದಿಯ ಹೊಂಡಗಳನ್ನು ಮುಚ್ಚಿ ನೀರು ಹರಿಯಲು ದಾರಿ ಮಾಡುತ್ತಿತ್ತು. ಇನ್ನೊಂದು ಮನೆಮನೆಗೆ ಹೋಗಿ ಒಡೆದ ಮಡಕೆ, ಖಾಲಿ ಡಬ್ಬಿ, ಸೀಸೆಗಳನ್ನು ಗಾಡಿಗೆ ತುಂಬುತ್ತಿತ್ತು.

ನಿಜವಾದ ಜಯ ದೊರೆತದ್ದು ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ. ಸೂಯೆಜ್ ಕಾಲುವೆ ಕಂಪನಿಯ ಈ ಪಟ್ಟಣಕ್ಕೆ ನೈಲ್ ನದಿಯ ಸಿಹಿನೀರಿನೊಡನೆ ಮಲೇರಿಯಾವೂ ಬಂದಿತ್ತು. 1902ರಲ್ಲಿ ಕಂಪನಿ ರಾಸ್ ಅವರನ್ನು ಕರೆಸಿತು. ಜೌಗುಗಳನ್ನು ಮಣ್ಣಿನಿಂದ ತುಂಬಲಾಯಿತು, ಕಾಲುವೆಗಳ ಕಳೆ ತೆಗೆಯಲಾಯಿತು, ಮನೆಗಳ ಮಲಗುಂಡಿಗಳಿಗೆ ಎಣ್ಣೆ ಸುರಿಯಲಾಯಿತು. ಆ ವರ್ಷ 1,551 ಇದ್ದ ಜ್ವರ ಪ್ರಕರಣಗಳು 1903ರಲ್ಲಿ 214ಕ್ಕೂ, 1905ರಲ್ಲಿ 37ಕ್ಕೂ ಇಳಿದವು. ಇದೇ ಮಾರ್ಗದಲ್ಲಿ ಅಮೆರಿಕದ ಸೇನಾ ವೈದ್ಯ ಗೋರ್ಗಸ್ 1901ರಲ್ಲಿ ಹವಾನಾದಿಂದ ಹಳದಿ ಜ್ವರವನ್ನು ಹೊರಗಟ್ಟಿದ್ದರು. ಬಳಿಕ ಪನಾಮಾ ಕಾಲುವೆಯ ಕಾಮಗಾರಿಯನ್ನೂ ಸಾಧ್ಯವಾಗಿಸಿದರು.

ಹುಟ್ಟಿದ ನೆಲದಲ್ಲಿ ಮಾತ್ರ ರಾಸ್ ಸೋತರು. ಲಾಹೋರಿನ ಸಮೀಪದ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ ನಡೆದ ಪ್ರಯೋಗದಲ್ಲಿ ಹೊಂಡ ಮುಚ್ಚಿದರೂ, ಎಣ್ಣೆ ಸುರಿದರೂ ಮಲೇರಿಯಾ ಹೋಗಲಿಲ್ಲ. ಸುತ್ತಲಿನ ನೀರಾವರಿ ಪ್ರದೇಶದಿಂದ ಸೊಳ್ಳೆಗಳು ಬರುತ್ತಲೇ ಇದ್ದವು. ಸರ್ಕಾರದ ಒಲವು ಕ್ವಿನೈನ್ ಹಂಚುವುದರತ್ತ ವಾಲಿತು. ಬಂಗಾಳದ ಅಂಚೆ ಕಚೇರಿಗಳಲ್ಲಿ 1892ರಿಂದಲೇ ಒಂದು ಕಾಸಿಗೆ ಕ್ವಿನೈನ್ ಪೊಟ್ಟಣ ಸಿಗುತ್ತಿತ್ತು. ಮೋರಿ ತೋಡುವುದಕ್ಕಿಂತ ಅದು ಅಗ್ಗ. ಖರ್ಚು ಸಾಲದು, ವಿಸ್ತಾರ ಸಾಲದು, ಎಣಿಕೆ ಸರಿಯಿಲ್ಲ ಎಂದು ರಾಸ್ ವರ್ಷಗಟ್ಟಲೆ ಹರಿಹಾಯ್ದರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಸಣ್ಣ ಪಟ್ಟಣದಲ್ಲಿ, ಧನಿಕ ಕಂಪನಿಯ ಬೆಂಬಲದಿಂದ ಆದದ್ದು ಪಂಜಾಬಿನ ಬಯಲಿನಲ್ಲೂ ಆಗಿಯೇ ತೀರುತ್ತದೆ ಎಂಬ ಹಟವೂ ಇತ್ತು.

ಆ ಜಗಳದಿಂದ ಒಂದು ಒಳ್ಳೆಯ ಫಲವೂ ದೊರೆಯಿತು. ಸೊಳ್ಳೆ ಹೊರಗಿನಿಂದ ಎಷ್ಟು ಬರಬಲ್ಲದು ಎಂಬುದನ್ನು ರಾಸ್ ಗಣಿತದಿಂದಲೇ ಲೆಕ್ಕ ಹಾಕತೊಡಗಿದರು. 1908ರಲ್ಲಿ ಮಾರಿಷಸ್ ದ್ವೀಪದ ಬಗೆಗೆ ಬರೆದ ವರದಿಯಲ್ಲಿ, ಎರಡು ವರ್ಷಗಳ ನಂತರದ ಬೃಹತ್ ಗ್ರಂಥದಲ್ಲಿ ಆ ಲೆಕ್ಕ ಬೆಳೆಯಿತು. ಸೊಳ್ಳೆಯ ಸಂತತಿಯನ್ನೇ ಅಳಿಸಬೇಕಿಲ್ಲ. ಜನಸಂಖ್ಯೆಗೆ ಹೋಲಿಸಿ ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿ ನಶಿಸುತ್ತದೆ ಎಂಬುದು ಅದರ ತಾತ್ಪರ್ಯ. ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ಅದು ಅಡಿಗಲ್ಲುಗಳಲ್ಲೊಂದು.

ಗೌರವಗಳು ಬಂದವು, ನೆಮ್ಮದಿ ಬರಲಿಲ್ಲ. 1911ರಲ್ಲಿ ಸರ್ ಪದವಿ, 1914ರಲ್ಲಿ ಯುದ್ಧರಂಗದಲ್ಲಿ ಹಿರಿಯ ಮಗನ ಸಾವು. ಸಿಡುಬಿಗೆ ಲಸಿಕೆ ಕಂಡುಹಿಡಿದ ಜೆನ್ನರ್‌ಗೆ ಬ್ರಿಟಿಷ್ ಸಂಸತ್ತು 30,000 ಪೌಂಡ್ ಕೊಟ್ಟಿದ್ದುದನ್ನು ನೆನಪಿಸಿ ತಮಗೂ ಪರಿಹಾರ ಕೊಡಬೇಕೆಂದು ಕೇಳಿದರು, ಸಿಗಲಿಲ್ಲ. 1923ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಬೆಂಗಳೂರಿನ ಪೀಪಾಯಿಯನ್ನೂ ಅಡ್ಜುಟೆಂಟನನ್ನೂ ಮರೆಯದೆ ದಾಖಲಿಸಿದರು. 1927ರ ಜನವರಿಯಲ್ಲಿ ಕಲ್ಕತ್ತದಲ್ಲಿ ತಮ್ಮ ಹೆಸರಿನ ಸ್ಮಾರಕ ದ್ವಾರ ನೋಡಲು ಬಂದರು. ಮರುವರ್ಷ ತಮ್ಮ ಕಾಗದಪತ್ರಗಳನ್ನೆಲ್ಲ 2,000 ಪೌಂಡಿಗೆ ಮಾರಿದರು. ತಮ್ಮ ಹೆಸರಿನಲ್ಲೇ ಲಂಡನ್ನಿನಲ್ಲಿ ಸ್ಥಾಪಿತವಾಗಿದ್ದ ಸಂಸ್ಥೆಯಲ್ಲಿ 1932ರ ಸೆಪ್ಟೆಂಬರ್ 16ರಂದು ಕೊನೆಯುಸಿರೆಳೆದರು.